ಮಕ್ಕಳ ಹೊತ್ತಿಗೆ ಬೀಗ

ಮಕ್ಕಳು ಪರದೆಯ ಮುಂದೆ ಕಳೆಯುವ ಹೊತ್ತನ್ನು ಅಳೆದು, ಮಿತಿ ಮೀರಿದೊಡನೆ ತಾನಾಗಿಯೇ ಬಾಗಿಲು ಹಾಕುವ ತಂತ್ರಾಂಶವನ್ನು ‘ಪೇರೆಂಟಲ್ ಕಂಟ್ರೋಲ್’ ಎಂದು ಕರೆಯುತ್ತಾರೆ. 2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿಯೇ ಅದು ಇತ್ತು. ವಾರದ ದಿನಗಳನ್ನೂ ದಿನದ ಗಂಟೆಗಳನ್ನೂ ಚೌಕಗಳಾಗಿ ಬರೆದ ಕೋಷ್ಟಕವೊಂದು ತೆರೆದುಕೊಳ್ಳುತ್ತಿತ್ತು, ತಂದೆಯೋ ತಾಯಿಯೋ ಬೇಡದ ಚೌಕಗಳಿಗೆ ಬಣ್ಣ ತುಂಬಿದರೆ ಆ ಹೊತ್ತಿನಲ್ಲಿ ಮಗುವಿನ ಖಾತೆ ತೆರೆಯುತ್ತಿರಲಿಲ್ಲ. ಗೂಗಲ್ 2017ರಲ್ಲಿ ಹೊರತಂದ ಫ್ಯಾಮಿಲಿ ಲಿಂಕ್, ಆಪಲ್ 2018ರಲ್ಲಿ ಐಫೋನಿಗೆ ಸೇರಿಸಿದ ಸ್ಕ್ರೀನ್ ಟೈಮ್, ಇವು ಅದೇ ಕೋಷ್ಟಕವನ್ನು ಮೊಬೈಲಿಗೆ ತಂದವು. ಈ ಏರ್ಪಾಡುಗಳ ಹಿಂದೆ ಒಂದು ಮನೆಯ ಕಲ್ಪನೆ ಇದೆ: ಅಲ್ಲಿ ಮಗುವಿಗೆ ತನ್ನದೇ ಸಾಧನವಿರುತ್ತದೆ, ಹೆತ್ತವರ ಕೈಯಲ್ಲಿ ಬೇರೊಂದಿರುತ್ತದೆ, ಮತ್ತು ಯಂತ್ರದ ವಿಷಯದಲ್ಲಿ ಹೆತ್ತವರು ಮಗುವಿಗಿಂತ ಒಂದು ಕೈ ಮೇಲಿರುತ್ತಾರೆ. ಜಾವಗಲ್‌ನಂಥ ಊರಿನ ಅನೇಕ ಮನೆಗಳಲ್ಲಿ ಈ ಮೂರೂ ತಲೆಕೆಳಗಾಗಿರುತ್ತವೆ.

ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಾವಗಲ್, ಹಳೇಬೀಡು ಬೇಲೂರುಗಳ ನೆರೆಯಲ್ಲಿದ್ದೂ ಪ್ರವಾಸಿಗರ ಕಣ್ಣಿಗೆ ಅಷ್ಟಾಗಿ ಬೀಳದ, 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವನ್ನುಳ್ಳ, ತೆಂಗು ರಾಗಿಗಳ ಊರು. ಕ್ರಿಕೆಟ್ ಬಲ್ಲವರಿಗೆ ವೇಗದ ಬೌಲರ್ ಶ್ರೀನಾಥರ ಹೆಸರಿನ ಮೊದಲರ್ಧ. ಇಂಥ ಊರಿನ ಬೇಸಾಯದ ಮನೆಯಲ್ಲಿ ‘ಮಗುವಿನ ಮೊಬೈಲು’ ಎಂಬುದು ಸಾಮಾನ್ಯವಾಗಿ ಅಪ್ಪನ ಮೊಬೈಲೇ ಆಗಿರುತ್ತದೆ. ಹಗಲೆಲ್ಲ ಅದು ತೋಟದಲ್ಲಿರುತ್ತದೆ. ತಿಪಟೂರಿನಲ್ಲಿ ಇವತ್ತು ಕೊಬ್ಬರಿ ಧಾರಣೆ ಎಷ್ಟಾಯಿತೆಂದು ಹೇಳುವುದು ಅದೇ, ತ್ರೀ ಫೇಸ್ ಕರೆಂಟು ಬಂದಾಗ ಕೂತಲ್ಲಿಂದಲೇ ಬೋರ್‌ವೆಲ್ ಮೋಟಾರು ಹಾಕುವುದೂ ಅದರಿಂದಲೇ, ಅಂಗಡಿಯ ಬಾಕಿ ತೀರುವುದು ಅದರೊಳಗಿನ ಫೋನ್‌ಪೇಯಿಂದ. ಸಂಜೆ ಅದು ಮನೆ ಸೇರಿ ಚಾರ್ಜಿಗೆ ಕೂತ ಮೇಲೆ ಅಮ್ಮನ ಸಂಘದ ವಾಟ್ಸ್‌ಆ್ಯಪ್ ಗುಂಪಿಗೂ, ಶಾಲೆಯವರು ಕಳಿಸಿದ ಹೋಂವರ್ಕಿಗೂ, ಮಗನ ಆಟಕ್ಕೂ, ಮಗಳ ರೀಲ್ಸಿಗೂ ಅದೊಂದೇ ಆಸರೆ. ಫ್ಯಾಮಿಲಿ ಲಿಂಕ್ ಇಂಥ ಮೊಬೈಲನ್ನು ಯಾರದೆಂದು ತಿಳಿಯಬೇಕು? ಮಗುವಿನದೆಂದು ತಿಳಿದರೆ ರಾತ್ರಿ ಒಂಬತ್ತರ ಬೀಗ ಅಪ್ಪನ ಮೋಟಾರಿಗೂ ಬೀಳುತ್ತದೆ. ಅಪ್ಪನದೆಂದು ತಿಳಿದರೆ ಬೀಗವೇ ಇಲ್ಲ.

ಯಂತ್ರಜ್ಞಾನದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಈ ತಂತ್ರಾಂಶ ನಡೆಯಬೇಕಾದರೆ ಹೆತ್ತವರ ಜಿಮೇಲ್ ಖಾತೆಗೆ ಮಗುವಿನ ಖಾತೆಯನ್ನು ಜೋಡಿಸಬೇಕು. ಹೆತ್ತವರ ಖಾತೆಯನ್ನೋ, ಸೆಟ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡು ಅವನಿಗೆ ಮರೆತಿರುತ್ತದೆ, ಇವರಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಯಾರೋ ಹೇಳಿದರೆಂದು ಬೀಗ ಹಾಕಿಸಲು ಹೊರಟ ಅಪ್ಪ, ಮೂರನೆಯ ಪರದೆಗೆ ಬರುವಷ್ಟರಲ್ಲಿ ಮೊಬೈಲನ್ನು ಏಳನೆಯ ತರಗತಿಯ ಮಗನ ಕಡೆಗೇ ಚಾಚುತ್ತಾನೆ: “ಏನೋ ಕೇಳ್ತೈತೆ, ನೋಡ್ಲಾ.” ಮಗ ನೋಡುತ್ತಾನೆ, ಹುಟ್ಟಿದ ತಾರೀಖು ಕೇಳಿದಲ್ಲಿ ತನ್ನನ್ನು ಇಪ್ಪತ್ತರ ಆಚೆಗೆ ದಾಟಿಸುತ್ತಾನೆ, “ಆಯ್ತಪ್ಪ” ಎಂದು ಹಿಂದಿರುಗಿಸುತ್ತಾನೆ. ಕಳ್ಳನ ಕೈಗೆ ಕೀಲಿಕೈ ಎಂದು ಇದನ್ನು ಹಂಗಿಸುವುದು ಸುಲಭ. ಆದರೆ ಅದೇ ಮಗನೇ ಅಪ್ಪನಿಗೆ ಬೆಳೆ ವಿಮೆಯ ಸಂದೇಶವನ್ನು ಓದಿ ಹೇಳುವವನು, ಅಜ್ಜಿಯ ಪಿಂಚಣಿ ಬಂತೇ ಎಂದು ನೋಡಿ ಹೇಳುವವನು. ದಿನವಿಡೀ ಅವನ ಜಾಣತನವನ್ನು ನೆಚ್ಚಿದ ಮನೆ ಸಂಜೆ ಏಳಕ್ಕೆ ಅದನ್ನು ಅಪರಾಧವೆಂದು ಎಣಿಸುವುದರಲ್ಲಿ ನ್ಯಾಯವೂ ಇಲ್ಲ, ಉಪಯೋಗವೂ ಇಲ್ಲ.

ಬೀಗ ಒಮ್ಮೆ ಬಿದ್ದರೂ ಅದನ್ನು ದಾಟುವ ದಾರಿಗಳು, ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದರಿಂದ ಹಿಡಿದು ಚಿಕ್ಕಪ್ಪನ ಸೆಟ್ಟನ್ನು ಕಾಡಿ ಬೇಡಿ ಪಡೆಯುವವರೆಗೆ, ಶಾಲೆಯ ಬೆಂಚಿನಿಂದ ಬೆಂಚಿಗೆ ಹಬ್ಬುತ್ತವೆ.

ಹಿಂದಿನ ಮಾಧ್ಯಮಗಳಿಗೆ ಹೊರಗಿನ ಬೀಗ ಬೇಕಿರಲಿಲ್ಲ, ಏಕೆಂದರೆ ಅವುಗಳಿಗೆ ಅವುಗಳದೇ ಹೊತ್ತಿತ್ತು. ಆಕಾಶವಾಣಿಯ ಪ್ರಸಾರ ಮುಗಿಯುತ್ತಿತ್ತು, ದೂರದರ್ಶನದ ಸಿನಿಮಾ ಭಾನುವಾರಕ್ಕೆ ಮಾತ್ರ ಬರುತ್ತಿತ್ತು, ಎರಡಕ್ಕೂ ಮೇಲೆ ಕರೆಂಟು ಹೋಗುತ್ತಿತ್ತು. ಮೊಬೈಲಿಗೂ ಮೊದಮೊದಲು ದುಡ್ಡಿನ ಅಂಕೆಯಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ಬಿದ್ದ ಮೇಲೆ ಅದೂ ಸಡಿಲವಾಯಿತು. ಈಗ ಹಳ್ಳಿಯ ಮನೆಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಹತೋಟಿಯೆಂದರೆ ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜು. “ನೆಟ್ ಖಾಲಿ” ಎಂಬ ಮಾತಿನ ಮುಂದೆ ಯಾವ ಮಗುವೂ ವಾದಿಸುವುದಿಲ್ಲ, ಯಾಕೆಂದರೆ ಅದು ಅಪ್ಪನ ತೀರ್ಪಲ್ಲ. ರೀಲ್ಸ್ ಎಂಬ ತುಣುಕು ವಿಡಿಯೋಗಳಿಗೆ ಮುಕ್ತಾಯವೆಂಬುದೇ ಇಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರುತ್ತದೆ. ಅವುಗಳಿಗೆ ಕೊನೆ ಹಾಕುವುದು ಡೇಟಾ ಒಂದೇ. ನಡುರಾತ್ರಿ ಕಳೆದರೆ ಅದೂ ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಬೇರೆ ಮಾತು.

ಸರ್ಕಾರಗಳೂ ಈ ಬೀಗಕ್ಕೆ ಕೈ ಹಾಕಿ ನೋಡಿವೆ. ದಕ್ಷಿಣ ಕೊರಿಯಾ 2011ರಿಂದ ಹದಿನಾರರೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಕಂಪ್ಯೂಟರಿನ ಆನ್‌ಲೈನ್ ಆಟವನ್ನು ನಿಷೇಧಿಸಿತ್ತು. ಅಷ್ಟರಲ್ಲಿ ಮಕ್ಕಳ ಆಟ ಮೊಬೈಲಿಗೆ ದಾಟಿತ್ತು, 2021ರಲ್ಲಿ ಕಾನೂನನ್ನು ಕೈಬಿಡಲು ತೀರ್ಮಾನವಾಯಿತು. ಕರ್ನಾಟಕದಲ್ಲಿ 2020ರ ಜೂನ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಯೇ ಬೇಡವೆಂದು ಸರ್ಕಾರ ಆದೇಶಿಸಿತು. ಜುಲೈ 8ರಂದು ಹೈಕೋರ್ಟ್, ಶಿಕ್ಷಣದ ಹಕ್ಕಿಗೆ ಇದು ಅಡ್ಡಿಯೆಂಬ ನೆಲೆಯಲ್ಲಿ ಅದಕ್ಕೆ ತಡೆ ನೀಡಿತು. ಓದೂ ಆಟವೂ ಒಂದೇ ಗಾಜಿನೊಳಗೆ ಸೇರಿಕೊಂಡಾಗ ಒಂದಕ್ಕೆ ಹಾಕಿದ ಅಗುಳಿ ಇನ್ನೊಂದಕ್ಕೂ ಬೀಳುತ್ತದೆ ಎಂಬುದು ಆ ಒಂದು ತಿಂಗಳಿನಲ್ಲಿ ಇಡೀ ರಾಜ್ಯಕ್ಕೆ ಕಂಡಿತು. ಮೊಬೈಲಿಲ್ಲದ ಮನೆಗಳ ಮಕ್ಕಳಿಗಾಗಿ ಮೇಷ್ಟ್ರುಗಳೇ ಊರೂರಿಗೆ ಹೋಗಿ ಜಗಲಿಗಳಲ್ಲಿ ಪಾಠ ಹೇಳಿದ ‘ವಿದ್ಯಾಗಮ’ ನಡೆದದ್ದೂ ಅದೇ ವರ್ಷ.

ಗಂಟೆಗಳ ಎಣಿಕೆಯನ್ನೇ ಅಳತೆಗೋಲಾಗಿ ಮಾಡಿಕೊಂಡದ್ದರಲ್ಲಿಯೂ ಒಂದು ಕೊರತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಕೂಸುಗಳಿಗೆ ಗಂಟೆಯ ಮಿತಿ ಹೇಳಿತು, ಅದು ಸರಿಯೇ. ಆದರೆ ಆಟದ ಗೀಳನ್ನು ಅದೇ ಸಂಸ್ಥೆ ಕಾಯಿಲೆಯೆಂದು ಗುರುತಿಸುವಾಗ ಎಷ್ಟು ಗಂಟೆ ಎಂದು ಕೇಳುವುದಿಲ್ಲ. ಹಿಡಿತ ತಪ್ಪಿದೆಯೇ, ಊಟ ಓದು ಒಡನಾಟಗಳಿಗಿಂತ ಆಟವೇ ಮೇಲಾಗಿದೆಯೇ, ಕೆಡುಕಾಗುತ್ತಿದ್ದರೂ ಬಿಡಲಾಗುತ್ತಿಲ್ಲವೇ ಎಂದು ಕೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತೆರೆದ ‘ಶಟ್’ ಕ್ಲಿನಿಕ್ ಹೀಗೆ ಹಿಡಿತ ತಪ್ಪಿದವರಿಗಾಗಿಯೇ ಇದೆ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಮಗುವಿನ ಪಕ್ಕದಲ್ಲಿ ಕೂತು ಉಣ್ಣುವವರು ಮಾತ್ರ.

ಬೆಳಗಾವಿಗೆ ಹೊಂದಿಕೊಂಡ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಹಿಡಿದ ದಾರಿ ಈ ಬೀಗಗಳಿಗಿಂತ ಬೇರೆಯದು. ಅಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿನ ಟಿವಿ ಮೊಬೈಲುಗಳನ್ನು ಆರಿಸಬೇಕಿತ್ತು, ಮಕ್ಕಳು ಓದಬೇಕಿತ್ತು. ಗಮನಿಸಬೇಕಾದದ್ದು ಸೈರನ್ನನ್ನಲ್ಲ, ಆ ಕಟ್ಟಳೆ ದೊಡ್ಡವರಿಗೂ ಅನ್ವಯಿಸುತ್ತಿತ್ತು ಎಂಬುದನ್ನು. ಒಂದೇ ಮೊಬೈಲಿನ ಮನೆಯಲ್ಲಿ ಬೇರೆ ದಾರಿಯೂ ಇಲ್ಲ, ಮಗುವಿನ ಹೊತ್ತನ್ನು ಕತ್ತರಿಸಬೇಕಾದರೆ ಅಪ್ಪನ ಹೊತ್ತೂ ಕತ್ತರಿಗೆ ಸಿಗುತ್ತದೆ.

ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬ ಒಂದು ಲೆಕ್ಕದ ಪುಟವಿದೆ. ದಿನದಲ್ಲಿ ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತೆಂದು ಅದು ತೋರಿಸುತ್ತದೆ, ತೆರೆದವರು ಯಾರೆಂದು ತೋರಿಸುವುದಿಲ್ಲ. ಜಾವಗಲ್‌ನ ಮನೆಗಳಿಗೆ ಬೀಗಕ್ಕಿಂತ ಈ ಪುಟವೇ ಒದಗಿಬರುವಂಥದ್ದು, ಏಕೆಂದರೆ ಯೂಟ್ಯೂಬಿನ ಮೂರು ಗಂಟೆಯಲ್ಲಿ ಯಾರ ಪಾಲು ಎಷ್ಟೆಂದು ತೀರ್ಮಾನವಾಗಲು ಅಪ್ಪ, ಅಮ್ಮ, ಮಕ್ಕಳು, ಮಧ್ಯಾಹ್ನ ಭಜನೆ ಹಾಕಿಸಿಕೊಂಡ ಅಜ್ಜಿ ಎಲ್ಲರೂ ಒಂದು ಕಡೆ ಕೂತು ತಮ್ಮತಮ್ಮ ಲೆಕ್ಕ ಒಪ್ಪಿಸಬೇಕಾಗುತ್ತದೆ.