ಯಾರು ಕಳಿಸಿದ್ದು, ಏನು ಬೇಕು, ಯಾವತ್ತಿನೊಳಗೆ?

ಮುಡಬಿ ಕಡೆ ಸುದ್ದಿಗೆಂದು ತಿರುಗುವ ನಮ್ಮಂಥ ಸ್ಟ್ರಿಂಜರ್‌ಗಳಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಅದು ಮಂದಿಯ ಮೊಬೈಲ್ ಓದಿ ಹೇಳುವುದು. ಕಿರಾಣಿ ಅಂಗಡಿ ಮುಂದೆ, ಬಸ್ ನಿಲ್ದಾಣದಲ್ಲಿ, ಹೊಲದ ಬದುವಿನ ಮೇಲೆ ಯಾರಾದರೂ ಫೋನ್ ಮುಂದೆ ಹಿಡಿಯುತ್ತಾರೆ. "ಯಾರ ಕಳ್ಸ್ಯಾರ ನೋಡಪ್ಪ? ಏನ್ ಬೇಕಂತ ಅವರಿಗಿ? ಖರೇ ಅದನೋ, ಸುಳ್ಳ ಅದನೋ?"

ಡಿಪ್ಲೊಮಾ ಓದುವಾಗ ಸುದ್ದಿಯ ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ ಇರಬೇಕು ಎಂದು ನಮಗೆ ಕಲಿಸಿದರು. ಊರಿನ ಹಿರಿಯರು ಅದನ್ನೇ ಕೇಳುತ್ತಾರೆ. ಆದರೆ ಫೋನಿಗೆ ಬರುವ ಹತ್ತು ಮೆಸೇಜ್‌ಗಳಲ್ಲಿ, ಮೇಲ್‌ಗಳಲ್ಲಿ ಈ ಪ್ರಶ್ನೆಗಳಿಗೆ ಮೊದಲ ಸಾಲಿನಲ್ಲೇ ಉತ್ತರ ಕೊಡುವುದು ಒಂದೋ ಎರಡೋ.

ಇದು ಬರೀ ಕಿರಿಕಿರಿಯ ಮಾತಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಬಿದ್ದು ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಅದಕ್ಕೆ 14447 ಸಹಾಯವಾಣಿ ಇದೆ. ನಮ್ಮ ಭಾಗದ ಒಬ್ಬ ರೈತ ಕಾಕಾ ಅವರಿಗೆ ವಿಮೆಯ ಬಗ್ಗೆ ಒಂದು ಮೆಸೇಜ್ ಬಂದಿತ್ತು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಮೊದಲ ಎರಡು ಸಾಲು ಶುಭಾಶಯ, ಆಮೇಲೆ ಯೋಜನೆಯ ಉದ್ದನೆ ಹೆಸರು. 72 ಗಂಟೆಯ ಮಾತು ಇದ್ದದ್ದು ಕಟ್ಟಕಡೆಗೆ. ಅವರು ಅದನ್ನು ಲಾಟರಿ ಜಾಹೀರಾತು ಎಂದು ಬಿಟ್ಟುಬಿಟ್ಟಿದ್ದರು. ನಾವು ಓದಿ ಹೇಳುವ ಹೊತ್ತಿಗೆ ಮಳೆ ನಿಂತು ಐದು ದಿನ ಆಗಿತ್ತು. ಉದ್ದು ಹೊಲದಲ್ಲೇ ಮೊಳಕೆ ಒಡೆದಿತ್ತು.

ಹೀಗೇಕೆ ಬರೆಯುತ್ತಾರೆ? ಬರೆಯುವವರ ಸೋಮಾರಿತನ ಒಂದು ಕಾರಣ. ಇನ್ನೊಂದು ಕಾರಣ ಲೆಕ್ಕದ್ದು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತವೆ. ಕನ್ನಡ ಲಿಪಿಯಲ್ಲಾದರೆ 70 ಮಾತ್ರ. ಅದರಲ್ಲೂ ಯಂತ್ರ ನಮ್ಮ ಹಾಗೆ ಎಣಿಸುವುದಿಲ್ಲ. 'ಕ್ಷೇತ್ರ' ನಮಗೆ ಎರಡೇ ಅಕ್ಷರ, ಯಂತ್ರಕ್ಕೆ ಏಳು. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಹಾಗಾಗಿ ಕಳಿಸುವವರು ದುಡ್ಡು ಉಳಿಸಿಕೊಳ್ಳುತ್ತಾರೆ, ಓದುವ ಕಷ್ಟ ನಮ್ಮ ಪಾಲಿಗೆ ಬರುತ್ತದೆ.

ಇ-ಮೇಲ್‌ಗೆ ಈ ಮಿತಿ ಇಲ್ಲ. ಕನ್ನಡದಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಆದರೆ ಅಲ್ಲಿ ರೋಗ ಬೇರೆ: ಎಷ್ಟು ಬೇಕಾದರೂ ಬರೆಯುತ್ತಾರೆ.

ಆಂಡ್ರಾಯ್ಡ್ ಫೋನ್ ಇದ್ದವರಲ್ಲಿ ಹೆಚ್ಚಿನವರಿಗೆ ಒಂದು ಜಿಮೇಲ್ ಖಾತೆ ಇದ್ದೇ ಇರುತ್ತದೆ. ಅದನ್ನು ತೆರೆದುಕೊಟ್ಟವರು ಮೊಬೈಲ್ ಅಂಗಡಿಯವರು. ಎಷ್ಟೋ ಮಂದಿಗೆ ತಮ್ಮ ವಿಳಾಸವೇ ಗೊತ್ತಿಲ್ಲ. ಹಾಲ್ ಟಿಕೆಟ್, ನೌಕರಿ ಅರ್ಜಿ, ರೈಲ್ವೆ ಟಿಕೆಟ್ ಎಂದಾಗ ಮಾತ್ರ ತೆಗೆಯುತ್ತಾರೆ. ತೆಗೆದರೆ ಸಾವಿರಾರು ಜಾಹೀರಾತುಗಳ ನಡುವೆ ಬೇಕಾದ ಒಂದನ್ನು ಹುಡುಕಬೇಕು, ತೊಗರಿ ರಾಶಿಯಲ್ಲಿ ಕಲ್ಲು ಆರಿಸಿದ ಹಾಗೆ.

ಈ ಚಾಳಿ ಹಳೆಯದು. 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಎಂಬುವರು ತಮ್ಮ ಯಂತ್ರ ನೋಡಲು ಬನ್ನಿ ಎಂದು ಸುಮಾರು 400 ಮಂದಿಗೆ ಒಂದೇ ಸಲ ಮೇಲ್ ಕಳಿಸಿದರು. ಅದನ್ನೇ ಜಗತ್ತಿನ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ವಿಳಾಸಗಳು ಅವುಗಳ ಜಾಗದಲ್ಲಿ ಹಿಡಿಸದೆ ಪತ್ರದೊಳಗೇ ನುಗ್ಗಿದ್ದವು. ಓದುವವರಿಗೆ ವಿಷಯಕ್ಕಿಂತ ಮೊದಲು ಕಂಡದ್ದು ಹೆಸರುಗಳ ಪಟ್ಟಿ.

ಇಷ್ಟು ದಿನ ನಾವು ಓದುವ ಕಡೆ ಮಾತ್ರ ಇದ್ದೆವು. ಈಗ ನಮ್ಮೂರ ಮಂದಿ ಕಳಿಸುವ ಕಡೆಗೂ ಬಂದಿದ್ದಾರೆ. ಪಕ್ಕದ ಕಲಬುರಗಿಯಲ್ಲಿ ಮಹಿಳಾ ಸಂಘಗಳ ಜೋಳದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಜಿಲ್ಲಾಡಳಿತವೇ ಮಾರುಕಟ್ಟೆಗೆ ತಂದಿದೆ. ಅದನ್ನು ನೋಡಿ ನಮ್ಮ ಕಡೆಯ ಸಂಘಗಳಿಗೂ ಹುರುಪು ಬಂದಿದೆ. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ನಮ್ಮ ಮಂದಿ ಬಹಳ ಇದ್ದಾರೆ. ಅಲ್ಲಿನ ಅಂಗಡಿ, ಕ್ಯಾಂಟೀನ್‌ನವರಿಗೆ ಫೋನ್ ಹಚ್ಚಿದರೆ "ಒಂದು ಮೇಲ್ ಹಾಕ್ರಿ, ನೋಡ್ತೀವಿ" ಎನ್ನುತ್ತಾರೆ. ಹಾಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡುವ ಒಂದು ಸಂಘದ ಅಕ್ಕಂದಿರು ನಮ್ಮನ್ನು ಕರೆದರು. "ನೀವ್ ಪೇಪರಿಗಿ ಬರಿತೀರಲ್ಲ ಅಣ್ಣಾ, ನಮಗೂ ಒಂದ್ ಬರ್ದ್ ಕೊಡ್ರಿ."

ಅವರಲ್ಲೊಬ್ಬರ ಮಗಳು, ಡಿಗ್ರಿ ಓದುವಾಕೆ, ಆಗಲೇ ಒಂದು ಕರಡು ಮಾಡಿದ್ದಳು. ವಿಷಯದ ಸಾಲು: "ಆತ್ಮೀಯ ಗ್ರಾಹಕ ಬಂಧುಗಳಿಗೆ ಒಂದು ಸುವರ್ಣಾವಕಾಶ". ಕೆಳಗೆ ಬಣ್ಣಬಣ್ಣದ ಒಂದು ಪೋಸ್ಟರ್. ಬೆಲೆ, ಫೋನ್ ನಂಬರ್, ದೇವರ ಫೋಟೊ ಎಲ್ಲ ಅದರೊಳಗೆ.

ನಾವು ತಿದ್ದುವುದಕ್ಕೆ ಮೊದಲು ಆ ಮೇಲನ್ನು ಅವಳ ಅವ್ವನ ಫೋನಿಗೇ ಕಳಿಸಲು ಹೇಳಿದೆವು. ಫೋನಿನಲ್ಲಿ ಕಂಡದ್ದು "ಆತ್ಮೀಯ ಗ್ರಾಹಕ ಬಂಧುಗಳಿಗೆ" ಅಷ್ಟೇ, ಮುಂದಿನದು ಚುಕ್ಕಿ ಚುಕ್ಕಿ. ತೆರೆದರೆ ನೆಟ್‌ವರ್ಕ್ ಒಂದೇ ಕಡ್ಡಿ, ಪೋಸ್ಟರ್ ಇಳಿಯಲೇ ಇಲ್ಲ. ಖಾಲಿ ಚೌಕ. ಅವ್ವ ನಕ್ಕು "ಇದರಾಗ ರೊಟ್ಟಿ ಎಲ್ಲದ?" ಎಂದರು. ನಮ್ಮ ಇಡೀ ಪಾಠ ಆ ಒಂದು ಮಾತಿನಲ್ಲಿತ್ತು.

ಆಮೇಲೆ ಎಲ್ಲರೂ ಕುಳಿತು ಹೊಸದಾಗಿ ಬರೆದೆವು. ವಿಷಯದ ಸಾಲು: "ಮುಡಬಿ ಜೋಳದ ರೊಟ್ಟಿ: ಶುಕ್ರವಾರದೊಳಗೆ ಹೇಳಿ". ಒಳಗೆ ಇಷ್ಟು: "ನಮಸ್ಕಾರ. ನಾವು ಮುಡಬಿಯಲ್ಲಿ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘ. ಬರುವ ಸೋಮವಾರ ರೊಟ್ಟಿ ಬಡಿಯುತ್ತೇವೆ. ನಿಮಗೆ ಎಷ್ಟು ಕಟ್ಟು ಬೇಕೆಂದು ಶುಕ್ರವಾರ ಸಂಜೆಯೊಳಗೆ ಈ ಮೇಲ್‌ಗೇ ಉತ್ತರ ಬರೆಯಿರಿ. ಬೆಲೆ ಮತ್ತು ಪಾರ್ಸಲ್ ಖರ್ಚು ಕೆಳಗಿದೆ." ಅದರ ಕೆಳಗೆ ಬೆಲೆಯ ಮೂರು ಸಾಲು, ಒಂದು ಸಣ್ಣ ಫೋಟೊ, ಸಂಘದ ಹೆಸರು, ಫೋನ್ ನಂಬರ್.

ನಿಮ್ಮ ಸಂಘ, ಅಂಗಡಿ, ರೈತ ಉತ್ಪಾದಕ ಕಂಪನಿಗೂ ಇದೇ ಕೆಲಸ ಬಂದರೆ ಈ ಕೆಲವು ಮಾತು ನೆನಪಿಡಿ.

ಮೊದಲು ಹೆಸರು. ಕಳಿಸಿದವರ ಜಾಗದಲ್ಲಿ ಯಾರದೋ ಅಡ್ಡಹೆಸರು, ಹುಟ್ಟಿದ ಇಸವಿ ಕಾಣಬಾರದು. ಸಂಘದ ಹೆಸರು, ಊರಿನ ಹೆಸರು ಕಾಣಬೇಕು. ನಮ್ಮ ಬಸವಕಲ್ಯಾಣದ ಶರಣರು ಪ್ರತಿ ವಚನಕ್ಕೂ ಅಂಕಿತ ಇಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು. ಎಂಟು ನೂರು ವರ್ಷ ಕಳೆದರೂ ಇದು ಯಾರ ಮಾತು ಎಂದು ತಿಳಿಯುತ್ತದೆ. ಇವತ್ತಿನ ಮೆಸೇಜ್ ಯಾರದೆಂದು ಇವತ್ತೇ ತಿಳಿಯುವುದಿಲ್ಲ.

ಎರಡನೆಯದು, ಒಂದು ಮೇಲ್‌ಗೆ ಒಂದೇ ಕೆಲಸ. ರೊಟ್ಟಿಯೂ ಬೇಕು, ಹಿಂಡಿಯೂ ಬೇಕು, ಯೂಟ್ಯೂಬ್ ಚಾನೆಲ್ಲೂ ನೋಡಬೇಕು ಎಂದರೆ ಓದುವವರು ಯಾವುದನ್ನೂ ಮಾಡುವುದಿಲ್ಲ.

ಮೂರನೆಯದು, ಮಾತು ಅಕ್ಷರದಲ್ಲಿರಲಿ, ಚಿತ್ರದೊಳಗೆ ಬೇಡ. ಚಿತ್ರ ಇಳಿಯದಿದ್ದರೂ ಅಕ್ಷರ ಕಾಣುತ್ತದೆ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದೂ ಅಕ್ಷರವನ್ನೇ. ಅಕ್ಷರ ಎಂದರೆ ಯೂನಿಕೋಡ್. ನಾವು ಪತ್ರಿಕೆಗಳಿಗೆ ಈಗಲೂ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುವುದುಂಟು. ಆ ಬರಹವನ್ನು ಹಾಗೇ ಮೇಲ್‌ಗೆ ಅಂಟಿಸಿದರೆ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆದರೆ ಈ ತಾಪತ್ರಯವಿಲ್ಲ.

ನಾಲ್ಕನೆಯದು, ಜಾಗ ಬಿಡಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತವೆ. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಅಕ್ಷರ ದೊಡ್ಡದಿರಲಿ, ಪ್ಯಾರಾ ಎರಡು ಮೂರು ಸಾಲಿರಲಿ, ಎಲ್ಲವೂ ಒಂದೇ ಕಂಬದಲ್ಲಿ ಮೇಲಿಂದ ಕೆಳಗೆ ಬರಲಿ. ಒತ್ತುವ ಬಟನ್ ಇಟ್ಟರೆ ಬೆರಳಿನ ತುದಿಯಷ್ಟಾದರೂ, ಎಂದರೆ ಸುಮಾರು 9 ಮಿಲಿಮೀಟರ್ ಇರಲಿ. ಕಳೆ ಕಿತ್ತು ಒರಟಾದ ಬೆರಳಿಗೆ ಸಣ್ಣ ಬಟನ್ ಸಿಗುವುದಿಲ್ಲ. ಮೇಲ್ ತೀರಾ ಉದ್ದವಾಗಿ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ನಡುವೆಯೇ ಕತ್ತರಿಸಿ ತೋರಿಸುತ್ತದೆ.

ಐದನೆಯದು, ಬೇಡ ಎನ್ನುವವರಿಗೆ ದಾರಿ ಬಿಡಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತಿನ ಮೇಲ್‌ನಲ್ಲಿ ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಸೌಲಭ್ಯ ಇಡಬೇಕೆಂದು ಗೂಗಲ್ 2024ರಿಂದ ನಿಯಮ ಮಾಡಿದೆ. ನಮ್ಮ ಸಂಘ ಕಳಿಸುವುದು ಬೆರಳೆಣಿಕೆಯಷ್ಟು. ಆದರೂ ಕೊನೆಗೆ ಒಂದು ಸಾಲು ಹಾಕಿದೆವು: "ಮುಂದೆ ಈ ಮೇಲ್ ಬೇಡವಾದರೆ 'ಬೇಡ' ಎಂದು ಬರೆಯಿರಿ, ನಿಲ್ಲಿಸುತ್ತೇವೆ." ಬಹಳ ಮಂದಿಗೆ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಜಾಗದಲ್ಲಿ ಹಾಕಿ. ಇಲ್ಲವಾದರೆ ಒಬ್ಬರ ವಿಳಾಸ ಎಲ್ಲರಿಗೂ ಕಾಣುತ್ತದೆ.

ಇನ್ನು ಖರೇ ಸುಳ್ಳಿನ ಮಾತು. ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರಿದ್ದಾರೆ. ಅವರ ಬರಹದ ಗುರುತು ನಿಮಗೆ ಗೊತ್ತು: ಅವಸರ, ಬೆದರಿಕೆ, ಬಹುಮಾನ, ಮೊಟಕು ಮಾಡಿದ ಲಿಂಕ್. ಸಾಚಾ ವ್ಯಾಪಾರಸ್ಥರೂ "ತಕ್ಷಣ ಒತ್ತಿ", "ಇಂದೇ ಕೊನೆ" ಎಂದು ಬರೆದರೆ ಕಳ್ಳರ ಸಾಲಿಗೇ ಸೇರುತ್ತಾರೆ. ಆಮೇಲೆ ಮಂದಿ ಎರಡನ್ನೂ ಅಳಿಸುತ್ತಾರೆ, ಇಲ್ಲವೇ ಎರಡನ್ನೂ ನಂಬುತ್ತಾರೆ. ಎರಡೂ ನಷ್ಟವೇ.

ಎಸ್‌ಎಂಎಸ್‌ ವಿಷಯದಲ್ಲಿ ಒಂದು ಅನುಕೂಲ ಆಗಿದೆ. ಟ್ರಾಯ್ 2025ರಲ್ಲಿ ತಂದ ತಿದ್ದುಪಡಿಯಂತೆ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. 'ಪಿ' ಇದ್ದರೆ ಜಾಹೀರಾತು, 'ಎಸ್' ಸೇವೆಯ ಮಾಹಿತಿ, 'ಟಿ' ವ್ಯವಹಾರದ್ದು, 'ಜಿ' ಸರ್ಕಾರದ್ದು. ಮಳೆಗಾಲದಲ್ಲಿ 'ಜಿ' ಇದ್ದದ್ದನ್ನು ಓದದೆ ಅಳಿಸಬೇಡಿ. ಜಾಹೀರಾತು ಸಾಕೆನಿಸಿದರೆ 1909ಕ್ಕೆ ಫೋನ್ ಮಾಡಿ ನಿಲ್ಲಿಸಬಹುದು. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಹೇಳಿ.

ಅಕ್ಕಂದಿರ ಮೇಲ್ ಹೋಯಿತು. ಕೆಲವರು ಉತ್ತರಿಸಲಿಲ್ಲ. ಕೆಲವರು ಉತ್ತರಿಸಿದರು. ಪುಣೆಯ ಒಬ್ಬ ಅಂಗಡಿಯವರು ಒಂದೇ ಸಾಲು ಬರೆದಿದ್ದರು: "ಎಷ್ಟು ದಿನ ಕೆಡದೆ ಇರುತ್ತವೆ?" ಅಕ್ಕಂದಿರು ಆ ಪ್ರಶ್ನೆಯ ಮೇಲೆ ಅರ್ಧ ಗಂಟೆ ಮಾತಾಡಿದರು. ಬಿಸಿಲಲ್ಲಿ ಒಣಗಿಸಿದರೆ ಎಷ್ಟು, ಒಲೆ ಪಕ್ಕ ಇಟ್ಟರೆ ಎಷ್ಟು, ಮಳೆಗಾಲದಲ್ಲಿ ಎಷ್ಟು ಎಂದು. ಮುಂದಿನ ಮೇಲ್‌ನ ಮೊದಲ ಸಾಲು ಅದರಿಂದಲೇ ಹುಟ್ಟಿತು. ಈಗ ಆ ಹುಡುಗಿಯೇ ಬರೆಯುತ್ತಾಳೆ. ಕಳಿಸುವ ಮೊದಲು ಅವ್ವನ ಫೋನಿಗೆ ಹಾಕಿ ಓದಿಸುತ್ತಾಳೆ. ಅವ್ವ ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಬದಲಿಸುತ್ತಾಳೆ.

ವಿಮೆ, ಬ್ಯಾಂಕು, ಇಲಾಖೆಯ ಮೆಸೇಜ್ ಬರೆಯುವವರಿಗೆ ನಾವು ಕೇಳುವುದೂ ಇಷ್ಟೇ. ಕಳಿಸುವ ಮೊದಲು ಅದನ್ನು ಒಬ್ಬ ರೈತರ ಕೈಗೆ ಕೊಟ್ಟು ಓದಿಸಿರಿ. 72 ಗಂಟೆ ಎನ್ನುವ ಮಾತನ್ನು ಮೊದಲ ಸಾಲಿಗೆ ತನ್ನಿರಿ. ಅದಕ್ಕಾಗಿ ಎರಡು ಮೆಸೇಜಿನ ದುಡ್ಡು ಹೋದರೂ ಹೋಗಲಿ.