ವ್ಯಾಕರಣವೂ ಮನೆಯ ಮಾತೂ

ವ್ಯಾಕರಣವು ಅಂಕಗಳಿಗಾಗಿ ಉರುಹೊಡೆಯತಕ್ಕ ಪಾಠವೆಂಬ ಭಾವನೆಯು ಪದವಿಪೂರ್ವ ತರಗತಿಯ ಮಕ್ಕಳಲ್ಲಿ ಬೇರೂರಿರುವುದನ್ನು ಕಂಡು ನಾವು ವ್ಯಸನಪಡುತ್ತೇವೆ. ಆ ತರಗತಿಗೆ ಹೋಗುತ್ತಿರುವ ನಮ್ಮ ಮನೆಯ ಹುಡುಗಿಯು ಸಂಧಿಗಳ ಹೆಸರುಗಳನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿದಳು. ಓದಿದ ಗದ್ಯಭಾಗದ ಸಾರವನ್ನು ಮಾತ್ರ ನಾಲ್ಕು ವಾಕ್ಯಗಳಲ್ಲಿ ಬರೆಯಲಾರದೆ ಕಣ್ಣೀರಿಟ್ಟಳು.

ಅಂದಿನಿಂದ ನಾವು ಪಾಠವನ್ನು ಮನೆಯ ಮಾತಿನಿಂದಲೇ ಆರಂಭಿಸಿದೆವು. ‘ಊರಲ್ಲಿ’ ಎನ್ನುವಾಗ ಉಕಾರವು ಲೋಪವಾಯಿತು. ‘ಮನೆಯನ್ನು’ ಎನ್ನುವಾಗ ಯಕಾರವು ಬಂದು ಸೇರಿತು. ‘ಮಳೆಗಾಲ’ದಲ್ಲಿ ಕಕಾರವು ಗಕಾರವಾಯಿತು. ನಾಲಗೆಯು ತಾನಾಗಿ ಪಾಲಿಸುವ ಇಂತಹ ನಿಯಮಗಳನ್ನೇ ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದ ಸೂತ್ರಗಳಲ್ಲಿ ಅಡಕಗೊಳಿಸಿದನೆಂದು ತಿಳಿದಾಗ ಆಕೆಯ ಭಯವು ತೊಲಗಿತು.

ಬಳಿಕ ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಪುಸ್ತಕವನ್ನು ಮುಚ್ಚಿಸಿ, ಸ್ವಂತ ಮಾತಿನಲ್ಲಿ ಬರೆಯಿಸಿದೆವು. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯುಂಟೇ ಎಂಬುದನ್ನು ಈಗ ಆಕೆಯೇ ನೋಡಿ ತಿದ್ದಿಕೊಳ್ಳುತ್ತಾಳೆ.

ಮುಂದೆ ಮಕ್ಕಳು ವಿಜ್ಞಾನವನ್ನೋದಲಿ, ನ್ಯಾಯಶಾಸ್ತ್ರವನ್ನೋದಲಿ, ಬರೆದು ತಿಳಿಸಲಾರದವರ ತಿಳಿವು ಹೂಳಿಟ್ಟ ಹೊನ್ನಿನಂತೆ ಯಾರಿಗೂ ಒದಗದು. ಆದುದರಿಂದ ತಾಯ್ತಂದೆಗಳು ರಾತ್ರಿಯ ಊಟವಾದ ಬಳಿಕ ಕಾಲು ಗಂಟೆಯನ್ನಾದರೂ ಈ ಕಾರ್ಯಕ್ಕೆ ಮೀಸಲಿಡಬೇಕೆಂದು ಬಿನ್ನವಿಸುತ್ತೇವೆ.