ಹನ್ನೊಂದು ಕಿಟಕಿಗಳು

ಮನೆಯನ್ನು ಕಟ್ಟುವಾಗ ನಾವು ಬಾಗಿಲಿಗೆ ತೋರುವ ಗೌರವವನ್ನು ಕಿಟಕಿಗೆ ತೋರುವುದಿಲ್ಲ. ಹೆಬ್ಬಾಗಿಲನ್ನು ನಿಲ್ಲಿಸುವ ದಿನ ಮುಹೂರ್ತ ನೋಡುತ್ತೇವೆ. ಮಾವಿನ ತೋರಣ ಕಟ್ಟುತ್ತೇವೆ. ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಕಿಟಕಿಗಾದರೋ ಇಂಥ ಉಪಚಾರ ಯಾವುದೂ ಇಲ್ಲ. ಆದರೆ ಅದರ ದುಡಿಮೆ ಬಾಗಿಲಿನ ದುಡಿಮೆಗಿಂತ ಕಡಿಮೆಯದೇನೂ ಅಲ್ಲ. ಗಾಳಿ ಬರಬೇಕು, ಮಳೆ ಬರಬಾರದು. ಬೆಳಕು ಬರಬೇಕು, ಬಿಸಿಲಿನ ಝಳ ಬರಬಾರದು. ಬೀದಿ ನಮಗೆ ಕಾಣಬೇಕು, ಬೀದಿಗೆ ನಾವು ಕಾಣಬಾರದು. ಒಂದಕ್ಕೊಂದು ವಿರುದ್ಧವಾದ ಇಷ್ಟೆಲ್ಲ ಕೆಲಸಗಳನ್ನು ಕೆಲವು ತುಂಡು ಮರಕ್ಕೆ ವಹಿಸಿಕೊಟ್ಟು ನಾವು ನಿಶ್ಚಿಂತರಾಗಿ ಮಲಗುತ್ತೇವೆ.

ಕಿಟಕಿಗೆ ಹಿಂದಿನವರು ಇಟ್ಟ ಹೆಸರುಗಳು ಅರ್ಥವತ್ತಾಗಿವೆ. ಸಂಸ್ಕೃತದ 'ಗವಾಕ್ಷ' ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ 'ವಿಂಡೋ' ಎಂಬ ಪದ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು; 'ಗಾಳಿಯ ಕಣ್ಣು' ಎಂಬುದು ಅದರ ಮೂಲಾರ್ಥ. ನಮ್ಮ 'ಬೆಳಕಿಂಡಿ' ಬೆಳಕು ಬರುವ ಕಿಂಡಿ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರಿಗೆ ಅಲ್ಲಿನ ಕಲ್ಲಿನ ಜಾಲಂಧ್ರಗಳು ನೆನಪಿರಬಹುದು. ಸೂರ್ಯನ ಪ್ರಖರತೆಯನ್ನು ಹೊರಗೇ ತಡೆದು, ಸೋಸಿದಂಥ ಬೆಳಕನ್ನು ಮಾತ್ರ ಅವು ಒಳಕ್ಕೆ ಬಿಡುತ್ತವೆ. ಜಯಪುರದಲ್ಲಿ 1799ರಲ್ಲಿ ನಿರ್ಮಾಣವಾದ ಹವಾಮಹಲಿನಲ್ಲಿ 953 ಕಿಟಕಿಗಳಿವೆಯೆಂದು ಹೇಳುತ್ತಾರೆ. ಅಂತಃಪುರದ ಸ್ತ್ರೀಯರು ಯಾರ ಕಣ್ಣಿಗೂ ಬೀಳದೆ ರಾಜಬೀದಿಯ ಉತ್ಸವಗಳನ್ನು ನೋಡಲೆಂದು ಮಾಡಿದ ಏರ್ಪಾಡು ಅದು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆಯೇ ಇತ್ತು. ತೆರಿಗೆಗೆ ಅಂಜಿ ಎಷ್ಟೋ ಜನ ಇದ್ದ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿಸಿ ಕತ್ತಲೆಯಲ್ಲಿ ಬಾಳಿದರು. ಮನೆಯ ಒಳಗಿರುವವರಿಗೆ ಎಷ್ಟು ಬೆಳಕು ಸಲ್ಲಬೇಕು, ಎಷ್ಟು ನೋಟ ಸಲ್ಲಬೇಕು ಎಂಬುದನ್ನು ಮನುಷ್ಯನು ಕಿಟಕಿಯ ಮೂಲಕವೇ ನಿರ್ಧರಿಸುತ್ತ ಬಂದಿದ್ದಾನೆ. ಇಂಥದೊಂದು ನಿರ್ಧಾರವನ್ನು ಕೈಗೊಳ್ಳುವ ಪ್ರಸಂಗ ನಮ್ಮ ಕುಟುಂಬಕ್ಕೂ ಒದಗಿತು.

ನನ್ನ ತವರುಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ನನ್ನ ಅಜ್ಜ ಕಟ್ಟಿಸಿದ ಮನೆ ಅದು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ, ಮೇಲೆ ಉಪ್ಪರಿಗೆ. ಕಿಟಕಿಗಳು ಹನ್ನೊಂದು: ಜಗಲಿಯಲ್ಲಿ ಎರಡು, ನಡುಮನೆಯಲ್ಲಿ ಎರಡು, ಉಪ್ಪರಿಗೆಯಲ್ಲಿ ಎರಡು, ಪಡುವಣ ಕೋಣೆಗಳಲ್ಲಿ ಮೂರು, ಅಮ್ಮನ ಕೋಣೆಯಲ್ಲಿ ಒಂದು, ಅಡಿಗೆಮನೆಯಲ್ಲಿ ಒಂದು. ಚೌಕಟ್ಟುಗಳು ಹಲಸಿನ ಮರದವು, ಕದಗಳು ಸಾಗುವಾನಿಯವು. ಪ್ರತಿವರ್ಷವೂ ಮಳೆಗಾಲಕ್ಕೆ ಮುನ್ನ ಅವುಗಳಿಗೆ ಗೇರೆಣ್ಣೆ ಬಳಿಯುವ ಪದ್ಧತಿ ನನ್ನ ತಂದೆಯ ಕಾಲದವರೆಗೂ ನಡೆದುಬಂದಿತ್ತು.

2019ರ ಆಗಸ್ಟ್ ತಿಂಗಳಲ್ಲಿ ಮಲೆನಾಡಿನಲ್ಲಿ ಸುರಿದ ಮಳೆಯನ್ನು ಈ ಭಾಗದವರು ಬೇಗ ಮರೆಯಲಾರರು. ಮುಂಗಾರಿನ ಗಾಳಿ ಬೀಸುವುದು ನೈರುತ್ಯದಿಂದ. ಆದ್ದರಿಂದ ಇರಿಚಲಿನ ಪೆಟ್ಟನ್ನೆಲ್ಲ ಪಡುವಣ ಗೋಡೆಯೇ ತಿನ್ನಬೇಕು. ಆ ಮಳೆಯಲ್ಲಿ ಪಡುವಣ ಕೋಣೆಗಳ ಕಿಟಕಿಗಳ ಚೌಕಟ್ಟುಗಳು ಸಡಿಲಗೊಂಡು, ನೀರು ಒಳನುಗ್ಗಿ, ಗೋಡೆಯ ಮಣ್ಣು ಕುಸಿಯತೊಡಗಿತು. ಒಂದು ಕದವಂತೂ ಬಿಜಾಗರಿಯ ಸಮೇತ ಕಳಚಿ ಬಿತ್ತು. ಕಿಟಕಿಗಳ ವಿಚಾರವನ್ನು ಇನ್ನು ಮುಂದೂಡುವಂತಿರಲಿಲ್ಲ. ಆ ವರ್ಷದ ದೀಪಾವಳಿಗೆ ಎಲ್ಲರೂ ಸೇರಿದಾಗ ತೀರ್ಮಾನ ಮಾಡುವುದೆಂದಾಯಿತು.

ಅಣ್ಣ ಊರಿನಲ್ಲೇ ಇದ್ದು ತೋಟವನ್ನೂ ಅಮ್ಮನನ್ನೂ ನೋಡಿಕೊಂಡವನು. ತಮ್ಮ ಬೆಂಗಳೂರಿನಲ್ಲಿ ಇಂಜಿನಿಯರು. ತಮ್ಮನ ಅಭಿಪ್ರಾಯ ಸ್ಪಷ್ಟವಾಗಿತ್ತು: "ಹನ್ನೊಂದನ್ನೂ ಕಿತ್ತು ಹಾಕೋಣ. ಯುಪಿವಿಸಿ ಕಿಟಕಿ ಕೂರಿಸೋಣ. ಅದಕ್ಕೆ ಗೆದ್ದಲಿಲ್ಲ, ತುಕ್ಕಿಲ್ಲ, ಮಳೆಗೆ ಉಬ್ಬುವುದಿಲ್ಲ. ಅಮ್ಮ ಸೊಳ್ಳೆಯ ಕಾಟವಿಲ್ಲದೆ ನಿದ್ದೆ ಮಾಡಲಿ. ಖರ್ಚೆಲ್ಲ ನನ್ನದು."

ಅಣ್ಣ ಒಪ್ಪಲಿಲ್ಲ. "ಅಜ್ಜ ಕಾಡಿನ ಮರ ಆರಿಸಿ, ಎರಡು ಮಳೆಗಾಲ ಒಣಗಿಸಿ ಮಾಡಿಸಿದ ಕಿಟಕಿಗಳು ಇವು. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಕಿಟಕಿಯೆ? ಮನೆಯ ಲಕ್ಷಣವೇ ಕೆಟ್ಟುಹೋಗುತ್ತದೆ" ಎಂದನು. ಸ್ವಲ್ಪ ತಡೆದು, "ಹಣ ಕೊಡುವವನ ಮಾತೇ ನಡೆಯಬೇಕೆಂದಿದ್ದರೆ ನಮ್ಮನ್ನೇಕೆ ಕೇಳಬೇಕು?" ಎಂದೂ ಸೇರಿಸಿದನು. ತಮ್ಮನ ಮುಖ ಬಾಡಿತು. "ನಾನೂ ಈ ಮನೆಯಲ್ಲೇ ಹುಟ್ಟಿದವನಲ್ಲವೇನಣ್ಣ?" ಎಂದು ಅವನು ಎದ್ದು ಹೋದನು. ಮಾತು ಕಿಟಕಿಯನ್ನು ಬಿಟ್ಟು ಬೇರೆಲ್ಲಿಗೋ ಹೊರಟಿತ್ತು. ಕೂಡಿ ಬಾಳಿದ ಮನೆಗಳು ಒಡೆಯುವುದು ಅನೇಕ ವೇಳೆ ಇಂಥ ಸಣ್ಣ ವಿಷಯಗಳಿಂದಲೇ. ಇಬ್ಬರೂ ಪ್ರತ್ಯೇಕವಾಗಿ ನನ್ನ ಬಳಿಗೆ ಬಂದು, "ನೀನೇ ಹೇಳು" ಎಂದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಒಬ್ಬನು ಮನೆಯನ್ನು ಕಟ್ಟಿದವರನ್ನು ನೆನೆಯುತ್ತಿದ್ದನು. ಇನ್ನೊಬ್ಬನು ಅದರಲ್ಲಿ ಇರುವವರನ್ನು. ಕಿಟಕಿಗಳ ನಿಜಸ್ಥಿತಿಯನ್ನು ಬಲ್ಲವರೊಬ್ಬರು ಮೊದಲು ಪರೀಕ್ಷಿಸಲಿ, ಮಾತು ಆಮೇಲೆ ಎಂದು ನಾನು ಸೂಚಿಸಿದೆನು.

ಮರುದಿನ ಊರಿನ ವೃದ್ಧ ಆಚಾರರು ಬಂದರು. ಅವರ ಪರೀಕ್ಷೆ ವೈದ್ಯನ ಪರೀಕ್ಷೆಯಂತೆಯೇ ಇತ್ತು. ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವರು; ಗಟ್ಟಿ ಮರದ ದನಿಯೇ ಬೇರೆ, ಗೆದ್ದಲು ತಿಂದ ಮರದ ದನಿಯೇ ಬೇರೆ. ಸಂಶಯ ಬಂದ ಕಡೆ ಉಳಿಯ ತುದಿಯನ್ನು ಮೆಲ್ಲನೆ ಒತ್ತುವರು. ಅದು ಸಲೀಸಾಗಿ ಇಳಿದರೆ ಮರ ಕುಂಬಾಗಿದೆ ಎಂದರ್ಥ. "ನೋಡಿ ಅಮ್ಮ, ಮರ ಹಾಳಾಗುವುದು ಕೆಳಗಿನಿಂದ. ನೀರು ಇಳಿದು ಬಂದು ಕೆಳಗಿನ ಅಡ್ಡಪಟ್ಟಿಯ ಮೇಲೆ ನಿಲ್ಲುತ್ತದೆ. ನಿಲುವಿನ ಮರದ ಬುಡ ಆ ನೀರನ್ನು ಕುಡಿಯುತ್ತದೆ. ಮೇಲೆ ನೂರು ವರ್ಷದ ಆಯುಷ್ಯ ಇನ್ನೂ ಇರುತ್ತದೆ" ಎಂದು ಅವರು ನನಗೆ ವಿವರಿಸಿದರು. ಜೂನ್ ತಿಂಗಳಲ್ಲಿ ಮುಚ್ಚಲು ಬಾರದ ಕದ ಮಾರ್ಚಿಯಲ್ಲಿ ಗಾಳಿಗೆ ಗಡಗಡನೆ ಬಡಿದುಕೊಳ್ಳುವುದೇಕೆಂಬುದನ್ನೂ ತಿಳಿಸಿದರು. ಮರವು ತೇವವನ್ನು ಹೀರಿ ಅಗಲಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದು ಮರದ ಸ್ವಭಾವವೇ ಹೊರತು ರೋಗವಲ್ಲ.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿದ್ಧವಾಯಿತು. ಪಡುವಣ ಮೂರು ಕಿಟಕಿಗಳ ಚೌಕಟ್ಟುಗಳು ಪೂರ್ತಿ ಹೋಗಿವೆ. ಜಗಲಿಯ ಎರಡು ಕಿಟಕಿಗಳಿಗೆ ಬುಡದ ಗೇಣುದ್ದ ಮರವನ್ನು ಕತ್ತರಿಸಿ ಹೊಸ ತುಂಡನ್ನು ಬೆಸೆದರೆ ಸಾಕು. ಉಳಿದವುಗಳಿಗೆ ಬಿಜಾಗರಿ ಬದಲಾಯಿಸಿ ಎಣ್ಣೆ ಬಳಿದರೆ ಮುಗಿಯಿತು.

ಹೊಸ ಸಾಮಗ್ರಿಗಳ ಗುಣದೋಷಗಳನ್ನೂ ತೂಗಿ ನೋಡಿದೆವು. ಕಬ್ಬಿಣದ ಕಿಟಕಿ ಗಟ್ಟಿ. ಆದರೆ ಮಲೆನಾಡಿನ ತೇವಕ್ಕೆ ತುಕ್ಕು ತಪ್ಪದು. ಅಲ್ಯೂಮಿನಿಯಂ ಹಗುರ, ಅದಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯದು. ಆದರೆ ಶಾಖವನ್ನು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚಾಗಿ ಹಾಯಿಸುವ ಲೋಹ ಅದು. ತಮ್ಮ ಹೇಳಿದ ಯುಪಿವಿಸಿ ನೀರಿಗೂ ಗೆದ್ದಲಿಗೂ ಜಗ್ಗದೆಂಬುದು ನಿಜವೇ. ಆದರೆ ಅದರ ಒಂದು ಭಾಗ ಮುರಿದರೆ ಸರಿಮಾಡಲು ಪಟ್ಟಣದಿಂದಲೇ ಜನ ಬರಬೇಕು. ಆಚಾರರ ಉಳಿಗೆ ಅಲ್ಲಿ ಕೆಲಸವಿಲ್ಲ. ಪಕ್ಕಕ್ಕೆ ಜಾರುವ ಎರಡು ಕದದ ಕಿಟಕಿಯಾದರೆ ಅರ್ಧ ಮಾತ್ರವೇ ತೆರೆಯುತ್ತದೆ, ಗಾಳಿಯೂ ಅರ್ಧವೇ. ಹೊರಕ್ಕೆ ತೆರೆಯುವ ಕದಗಳಾದರೆ ಪೂರ್ತಿ ಗಾಳಿ ದೊರೆಯುತ್ತದೆ. ಹೀಗೆ ಲೆಕ್ಕ ಹಾಕುತ್ತ ಹೋದಂತೆ ಅಣ್ಣತಮ್ಮಂದಿರ ಸ್ವರಗಳೆರಡೂ ತಗ್ಗಿದವು. ಹನ್ನೊಂದೂ ಇರಲಿ, ಹನ್ನೊಂದೂ ಹೋಗಲಿ ಎಂಬ ಎರಡು ಮಾತುಗಳಿಗೂ ಈಗ ಆಧಾರವಿರಲಿಲ್ಲ.

ಕೊನೆಗೆ ಅಡಿಗೆಮನೆಯ ಕಿಟಕಿಯ ಸರದಿ ಬಂತು. ಅದು ಮೊರದಷ್ಟು ಅಗಲದ ಒಂದು ಕಿಂಡಿ. ಆಚಾರರು ತಟ್ಟಿ ನೋಡಿ, "ಇದಕ್ಕೇನೂ ಆಗಿಲ್ಲ. ಹೊಗೆ ಹಿಡಿದು ಹಿಡಿದು ಕಲ್ಲಿನಂತಾಗಿದೆ. ಹಾಗೆಯೇ ಇರಲಿ" ಎಂದರು.

ಅದುವರೆಗೆ ಮೌನವಾಗಿ ಕಾಫಿಯ ಲೋಟಗಳನ್ನು ತಂದಿಡುತ್ತಿದ್ದ ಅತ್ತಿಗೆ ಆಗ ನುಡಿದರು: "ಮರಕ್ಕೇನೂ ಆಗಿಲ್ಲ, ನಿಜ. ಮೂವತ್ತೆಂಟು ವರ್ಷದಿಂದ ಅದರ ಪಕ್ಕದಲ್ಲಿ ನಿಂತು ಬೇಯಿಸುತ್ತಿರುವವಳು ನಾನು. ಹಗಲು ಹೊತ್ತಿನಲ್ಲೂ ದೀಪ ಹಾಕದೆ ಅಕ್ಕಿಯಲ್ಲಿ ಕಲ್ಲು ಕಾಣಿಸುವುದಿಲ್ಲ. ನಿಮಗೆ ಬೇಕಾದ ಕಿಟಕಿಗಳನ್ನು ಬೇಕಾದ ಹಾಗೆ ಮಾಡಿಕೊಳ್ಳಿ. ನನಗೆ ಇಲ್ಲಿ ಒಂದು ದೊಡ್ಡ ಕಿಟಕಿ ಬೇಕು."

ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಜಗಲಿಗೆ ಎರಡು ಕಿಟಕಿ, ಅತಿಥಿಗಳು ಎಂದೋ ಒಮ್ಮೆ ಮಲಗುವ ಉಪ್ಪರಿಗೆಗೆ ಎರಡು ಕಿಟಕಿ; ದಿನದ ಬಹುಭಾಗ ಹೆಂಗಸರು ಕಳೆಯುವ ಅಡಿಗೆಮನೆಗೆ ಮೊರದಗಲದ ಕಿಂಡಿ! ಒಳಗಿನದು ಹೊರಗಿನವರಿಗೆ ಕಾಣಬಾರದೆಂಬುದು ಆ ಕಾಲದ ಭಾವನೆ. ಒಳಗಿನವರಿಗೆ ಹೊರಗು ಕಾಣಬೇಕೆಂಬ ಮಾತು ಆಗ ಹುಟ್ಟಿರಲಿಲ್ಲ. ತನ್ನ ಕೋಣೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು: "ನಾನೂ ನಿಮ್ಮ ಅಪ್ಪನಿಗೆ ಒಂದು ಸಲ ಹೇಳಿದ್ದೆ. ಮುಂದಿನ ವರ್ಷ ನೋಡೋಣ ಎಂದಿದ್ದರು. ಅವಳ ಕಾಲಕ್ಕಾದರೂ ಆಗಲಿ." ಅಮ್ಮನಿಗೆ ಆಗ ಎಂಬತ್ತೆಂಟು ವರ್ಷ. ಕಣ್ಣು ಬಹುಮಟ್ಟಿಗೆ ಮಂಜಾಗಿತ್ತು.

ಕೆಲಸದಲ್ಲೆಲ್ಲ ಕಷ್ಟವಾದದ್ದು ಅದೇ. ಮಣ್ಣಿನ ಗೋಡೆಯಲ್ಲಿ ಕಂಡಿಯನ್ನು ದೊಡ್ಡದು ಮಾಡಿದರೆ ಮೇಲಿನ ಗೋಡೆಯ ಭಾರವನ್ನು ಹೊರುವವರಾರು? ತಮ್ಮನ ವಿದ್ಯೆ ಆಗ ಉಪಯೋಗಕ್ಕೆ ಬಂತು. ಗೋಡೆಗೆ ಊರುಗೋಲು ಕೊಟ್ಟು, ಸ್ವಲ್ಪಸ್ವಲ್ಪವೇ ಬಿಡಿಸಿ, ಕಂಡಿಯ ನೆತ್ತಿಗೆ ಎರಡು ಕಡೆಯೂ ಗೋಡೆಯೊಳಕ್ಕೆ ಚಾಚಿಕೊಳ್ಳುವಂತೆ ಕಾಂಕ್ರೀಟಿನ ತೊಲೆಯನ್ನು ಇಡಿಸಿದನು. ಬಿಸಿಗಾಳಿಯೂ ಹೊಗೆಯೂ ಹಗುರಾಗಿ ಮೇಲಕ್ಕೇರುವುದರಿಂದ ಮಾಡಿನ ಹತ್ತಿರ ಇನ್ನೊಂದು ಕಿಂಡಿಯನ್ನೂ ಬಿಡಿಸಿದನು. ಕಿಟಕಿಗೆ ಮರವೆಲ್ಲಿಂದ ಎಂದು ಯೋಚಿಸುತ್ತಿದ್ದಾಗ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. ಪಡುವಣ ಕಿಟಕಿಗಳ ಚೌಕಟ್ಟು ಹೋಗಿದ್ದರೂ ಕದಗಳ ಸಾಗುವಾನಿ ಗಟ್ಟಿಯಾಗಿಯೇ ಇತ್ತು. ಆ ಮೂರು ಕಿಟಕಿಗಳ ಮರದಿಂದ ಆಚಾರರು ಅಡಿಗೆಮನೆಗೆ ಒಂದು ಅಗಲವಾದ ಕಿಟಕಿಯನ್ನು ಮಾಡಿಕೊಟ್ಟರು. ಪಡುವಣಕ್ಕೆ ತಮ್ಮನ ಇಚ್ಛೆಯಂತೆ ಹೊರಕ್ಕೆ ತೆರೆಯುವ ಯುಪಿವಿಸಿ ಕಿಟಕಿಗಳು ಬಂದವು. ಅವುಗಳ ಮೇಲೆ ಅಗಲವಾದ ಸಜ್ಜವೂ ಬಂತು. ಅಮ್ಮನ ಕೋಣೆಯ ಕಿಟಕಿಗೆ ಒಳಗಡೆ ಸೊಳ್ಳೆಪರದೆಯ ಚೌಕಟ್ಟನ್ನು ಸೇರಿಸಿದುದರ ಹೊರತು ಬೇರೇನನ್ನೂ ಮಾಡಲಿಲ್ಲ. ಆ ಕದ ತೆರೆಯುವ ಸದ್ದು, ಸರಳಿನ ತಣ್ಪು, ಆಚೆಯ ಪಾರಿಜಾತದ ಪರಿಮಳ ಇವುಗಳಿಂದಲೇ ಅವಳಿಗೆ ಬೆಳಗಾಯಿತೆಂಬುದು ತಿಳಿಯುತ್ತಿತ್ತು. ಎಂಟು ದಶಕಗಳ ಬದುಕು ಕಲಿಸಿದ ಗುರುತುಗಳನ್ನು ಸೌಕರ್ಯದ ಹೆಸರಿನಲ್ಲಿ ಅಳಿಸುವುದು ಯಾರಿಗೂ ಇಷ್ಟವಿರಲಿಲ್ಲ.

ಹಳೆಯ ವಸ್ತುಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಆತುರಗಳುಂಟು. ಹಳೆಯದೆಂಬ ಒಂದೇ ಕಾರಣಕ್ಕೆ ಎಸೆಯುವುದು ಒಂದು. ಹಳೆಯದೆಂಬ ಒಂದೇ ಕಾರಣಕ್ಕೆ ಅಪ್ಪಿಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ವಸ್ತುವನ್ನು ಹತ್ತಿರ ಹೋಗಿ ನೋಡುವ ಶ್ರಮವಿಲ್ಲ. ಕುಂಬಾದದ್ದು ಯಾವುದು, ಗಟ್ಟಿಯಿರುವುದು ಯಾವುದು ಎಂದು ಆಚಾರರಂತೆ ಒಂದೊಂದನ್ನೇ ತಟ್ಟಿ ನೋಡಬೇಕು. ಅಷ್ಟೂ ಸಾಲದು. ಗಟ್ಟಿಯಾಗಿರುವುದೆಲ್ಲವೂ ಸರಿಯಾಗಿದೆ ಎಂದಲ್ಲ. ಅಡಿಗೆಮನೆಯ ಕಿಂಡಿ ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲಿ ದಿನವೂ ನಿಲ್ಲುವವರು ಯಾರು, ಅವರಿಗೆ ಏನು ಕಾಣುತ್ತದೆ ಎಂದು ಕೇಳಿದಾಗಲೇ ತೀರ್ಮಾನ ಪೂರ್ಣವಾಗುತ್ತದೆ. ನಮ್ಮ ಪದ್ಧತಿಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆಂದು ನಾನು ತಿಳಿದಿದ್ದೇನೆ.

ಈಗ ಅಡಿಗೆಮನೆಯ ಹೊಸ ಕಿಟಕಿಯಿಂದ ತೋಟದ ದಾರಿ ಪೂರ್ತಿಯಾಗಿ ಕಾಣುತ್ತದೆ. ಮನೆಗೆ ಯಾರೇ ಬರಲಿ, ಮೊದಲು ನೋಡುವವರು ಅತ್ತಿಗೆಯೇ. ಅವರು ಒಳಗಿನಿಂದಲೇ ಹೆಸರು ಹಿಡಿದು ಸ್ವಾಗತಿಸುವುದನ್ನು ಕೇಳಿ, ಬಂದವರು ಕತ್ತೆತ್ತಿ ಆ ಕಿಟಕಿಯ ಕಡೆಗೆ ನೋಡುತ್ತಾರೆ.